ಬರೆಯ ಮೇಲಿನ ಮನೆ, ಬರೆಯ ಕೆಳಗಿನ ಮನೆ

ಕಳೆದ ತಿಂಗಳು ಮಡಿಕೇರಿಯಲ್ಲಿ ಒಂದು ಸಂಜೆ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆಯಲು ನೋಡಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಮಾತ್ರ ಸೇರಿಸಿದ್ದೇನೆ.

ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಕಟ್ಟಡಗಳು, ಊರಿನ ವಿನ್ಯಾಸ, ಇವು ಬಡವರ ಮತ್ತು ಅನುಕೂಲಸ್ಥರ ನಡುವಿನ ಅಂತರವನ್ನು ಏನು ಮಾಡುತ್ತವೆ, ಪರಿಸರಕ್ಕೆ ಇವುಗಳಿಂದ ಏನಾಗುತ್ತದೆ ಅಂತ ಮಾತಾಡಿ ಎಂದು ಕರೆದಿದ್ದಾರೆ. ನಾನು ಮನೆ ನಕ್ಷೆ ಬರೆದು ಬದುಕುವವಳು. ನನಗೆ ಚೆನ್ನಾಗಿ ಗೊತ್ತಿರುವ ಒಂದು ಗುಡ್ಡದಿಂದ ಶುರು ಮಾಡುತ್ತೇನೆ.

ನನ್ನ ಅಪ್ಪ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಗುಡ್ಡದ ನೆತ್ತಿಯಲ್ಲಿ ಬಂಗಲೆ. ಅದರ ಕೆಳಗೆ ಕಾಫಿ ಒಣಗಿಸುವ ಕಣ, ಕಣದ ಪಕ್ಕದಲ್ಲಿ ನಮ್ಮ ಕ್ವಾರ್ಟರ್ಸ್. ಇನ್ನೂ ಕೆಳಗೆ, ಕೊಲ್ಲಿಯ, ಅಂದರೆ ಗುಡ್ಡದ ನಡುವಿನ ಹಳ್ಳದ, ಅಂಚಿನಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳು. ಬೇಸಿಗೆಯಲ್ಲಿ ಪಂಪಿನ ನೀರು ಮೊದಲು ಬಂಗಲೆಯ ಟ್ಯಾಂಕಿಗೆ ಹೋಗುತ್ತಿತ್ತು, ಆಮೇಲೆ ನಮಗೆ, ಕಡೆಗೆ ಉಳಿದದ್ದು ಲೈನಿನ ಒಂದೇ ಒಂದು ನಲ್ಲಿಗೆ. ಮಳೆಗಾಲದಲ್ಲಿ ಮಾತ್ರ ಲೈನಿಗೆ ನೀರಿನ ಕೊರತೆ ಇರಲಿಲ್ಲ. ಬಂಗಲೆಯ ಅಂಗಳದ ನೀರು ಕಣಕ್ಕೆ ಇಳಿಯುತ್ತಿತ್ತು, ಕಣದ್ದು ನಮ್ಮ ಚರಂಡಿಗೆ, ನಮ್ಮ ಚರಂಡಿಯದು ಸೀದಾ ಲೈನ್ ಮನೆಗಳ ಹಿಂದಿನ ಬರೆಯ ಮೇಲೆ. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡಲು ಶುರುವಾದರೆ ಆ ಕೊಳೆತ ಹುಳಿ ವಾಸನೆಯೂ ಅದೇ ದಾರಿ ಹಿಡಿಯುತ್ತಿತ್ತು. ಕುಡಿಯುವ ನೀರು ಕಡೆಗೆ, ಕೊಳಕು ನೀರು ಮೊದಲು. ಇದನ್ನು ಯಾರೋ ಕೂತು ಕೆಟ್ಟ ಮನಸ್ಸಿನಿಂದ ಯೋಜನೆ ಮಾಡಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಯಾರೋ ಒಬ್ಬರು ಬಂಗಲೆಗೆ ಜಾಗ ಆರಿಸಿದರು, ಚೆನ್ನಾಗಿ ನೋಡಿ ಆರಿಸಿದರು. ಲೈನಿಗೆ ಯಾರೂ ಜಾಗ ಆರಿಸಲಿಲ್ಲ. ಉಳಿದ ಜಾಗ ಅದಕ್ಕೆ ಸಿಕ್ಕಿತು.

ಹೊರಗಿನಿಂದ ಬಂದವರು ಕೆಲವರು ಇದ್ದೀರಿ, ಬರೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿದಾಗ ಹಿಂಬದಿಯಲ್ಲಿ ಗೋಡೆಯ ಹಾಗೆ ನಿಂತ ಮಣ್ಣು ಇರುತ್ತದಲ್ಲ, ಅದೇ ಬರೆ. ಪ್ರತಿ ಮಳೆಗಾಲ ಪೇಪರಿನಲ್ಲಿ ‘ಬರೆ ಕುಸಿತ’ ಅಂತ ಓದುತ್ತೇವೆ. ಗುಡ್ಡದ ಮಣ್ಣು ತನ್ನ ಭಾರವನ್ನು ಕೆಳಗಿನ ಮಣ್ಣಿಗೆ ಒರಗಿಸಿಕೊಂಡು ನಿಂತಿರುತ್ತದೆ. ಬುಡ ಕಡಿದರೆ ಅದಕ್ಕೆ ಒರಗಲು ಏನೂ ಉಳಿಯುವುದಿಲ್ಲ. ಮೇಲಿನಿಂದ ನೀರೂ ಇಳಿದರೆ ಮಣ್ಣು ನೆನೆದು ಭಾರ ಜಾಸ್ತಿಯಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ.

ಲೈನ್ ಮನೆಯ ಒಳಗೆ ಹೋಗದವರು ಇಲ್ಲಿ ಜಾಸ್ತಿ ಇರಬಹುದು. ಹಾಗಾಗಿ ಸ್ವಲ್ಪ ಹೊತ್ತು ಒಳಗೆ ಕರೆದುಕೊಂಡು ಹೋಗುತ್ತೇನೆ.

ಉದ್ದಕ್ಕೆ ಒಂದೇ ಸೂರು. ಅದರ ಕೆಳಗೆ ಸಾಲಾಗಿ ಎಂಟು ಮನೆ. ಒಂದೊಂದಕ್ಕೆ ಮುಂದೆ ಒಂದು ಕೋಣೆ, ಹಿಂದೆ ಒಲೆ ಇಡುವಷ್ಟು ಜಾಗ. ಬಾಗಿಲು ಒಂದೇ, ಮುಂದಿನದು. ನಡುವಿನ ಗೋಡೆಗಳು ಹಂಚಿನವರೆಗೆ ಹೋಗುವುದಿಲ್ಲ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತವೆ. ಇಟ್ಟಿಗೆ ಉಳಿಸಲು ಹಾಗೆ ಕಟ್ಟಿದ್ದು. ಅದರಿಂದ ಏನಾಗುತ್ತದೆ ಗೊತ್ತಾ? ಮೊದಲನೇ ಮನೆಯ ಒಲೆಯ ಹೊಗೆ ನಾಲ್ಕನೇ ಮನೆಯ ಮಗುವಿಗೆ ಕೆಮ್ಮು ತರಿಸುತ್ತದೆ. ಮೂರನೇ ಮನೆಯ ಜಗಳ ಎಂಟನೇ ಮನೆಗೆ ಕೇಳುತ್ತದೆ. ಗಂಡ ಹೆಂಡತಿ ಪಿಸುಮಾತಿನಲ್ಲೇ ಮಾತಾಡುವುದನ್ನು ಕಲಿಯುತ್ತಾರೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗಿ, ಓದಲು ನಮ್ಮ ಮನೆಯ ಜಗಲಿಗೆ ಬರುತ್ತಿದ್ದಳು. ಅವಳ ಮನೆಯಲ್ಲಿ ದೀಪ ಇರಲಿಲ್ಲ ಅಂತಲ್ಲ. ಎಂಟು ಮನೆಯ ಸದ್ದು ಒಂದೇ ಸೂರಿನ ಕೆಳಗೆ ಸುತ್ತುತ್ತಿತ್ತು, ಅದರಲ್ಲಿ ಓದಲು ಆಗುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಅವಳು ಶಾಲೆ ಬಿಟ್ಟಳು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆ ಅರ್ಧಕ್ಕೆ ನಿಂತ ಗೋಡೆಯನ್ನು ನಾನು ಆ ಲೆಕ್ಕದಿಂದ ಬಿಡಲು ತಯಾರಿಲ್ಲ.

ಇನ್ನು ಶೌಚಾಲಯ. ಅದು ಲೈನಿನ ತುದಿಯಿಂದ ನಲವತ್ತು ಹೆಜ್ಜೆ ದೂರ, ಕಾಫಿ ಗಿಡಗಳ ನಡುವೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆಯವರಿಗೆ ಈ ನಲವತ್ತು ಹೆಜ್ಜೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆನೆ ಅಲ್ಲೇ ಇರುತ್ತದೆ. ಹಲಸು ಹಣ್ಣಾಗುವ ದಿನಗಳಲ್ಲಿ ಅಂತೂ ದಿನಾ ಇರುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಬಾರದು ಅಂತ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಆನೆ-ಮಾನವ ಸಂಘರ್ಷದ ಬಗ್ಗೆ ಎಷ್ಟೋ ಸಭೆಗಳು ಆಗಿವೆ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿ, ಎಲ್ಲ ಚರ್ಚೆಯಾಗುತ್ತದೆ. ಶೌಚಾಲಯವನ್ನು ಮನೆಗೆ ಅಂಟಿಸಿ ಕಟ್ಟುವುದು ಕೂಡ ಆ ಚರ್ಚೆಯ ಭಾಗ ಆಗಬೇಕು ಅಲ್ವಾ?

ಕಾನೂನು ಇರಲಿಲ್ಲವಾ ಅಂದರೆ, ಇತ್ತು. 1951ರಲ್ಲೇ ಬಂದ ತೋಟ ಕಾರ್ಮಿಕರ ಕಾಯ್ದೆ, ಮಾಲೀಕರು ಮನೆ, ಕುಡಿಯುವ ನೀರು, ಶೌಚಾಲಯ ಒದಗಿಸಬೇಕು ಎಂದಿತು. 1981ರ ತಿದ್ದುಪಡಿಯ ನಂತರ 5 ಹೆಕ್ಟೇರ್ ಅಥವಾ ಜಾಸ್ತಿ ಜಾಗ, 15 ಅಥವಾ ಜಾಸ್ತಿ ಕೆಲಸಗಾರರು ಇದ್ದ ತೋಟಗಳಿಗೆ ಅದು ಅನ್ವಯಿಸಿತು. ಆದರೆ ಕೊಡಗಿನ ಹೆಚ್ಚಿನ ತೋಟಗಳು ಸಣ್ಣವು. ಅವು ಆ ಗೆರೆಯ ಹೊರಗೇ ಉಳಿದವು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮನೆ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಬಿಟ್ಟ ದಿನ ಮನೆ ಹೋಯಿತು. ಮೂವತ್ತು ವರ್ಷ ಬಾಳಿದ ಮನೆಯಲ್ಲಿ ಒಂದು ಕಿಟಕಿ ಇಡಲೂ ಹಕ್ಕಿಲ್ಲ, ಇಡಬೇಕು ಅನ್ನಿಸುವುದೂ ಇಲ್ಲ. ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರು ಅದೇ ಕೋಣೆಗಳಲ್ಲಿ ಇದ್ದಾರೆ. ಜನ ಬದಲಾದರು, ಗೋಡೆ ಅಲ್ಲೇ ನಿಂತಿದೆ.

ಇಲ್ಲಿ ಯಾರಾದರೂ ಕೇಳಬಹುದು: ನಮ್ಮ ಹಳೆಯ ಕಟ್ಟಡಗಳು ಎಷ್ಟು ಚೆನ್ನಾಗಿದ್ದವು, ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳನ್ನು ನೋಡಿ ಅಂತ. ನಿಜ, ಐನ್‌ಮನೆಯಿಂದ ನಾನು ತುಂಬಾ ಕಲಿತಿದ್ದೇನೆ. ಅದು ಗುಡ್ಡದ ನೆತ್ತಿಗೆ ಹತ್ತುವುದಿಲ್ಲ, ಗದ್ದೆಗೂ ಇಳಿಯುವುದಿಲ್ಲ. ಬಾಣೆ, ಅಂದರೆ ಗದ್ದೆಗೆ ಸೇರಿದ ಮರಗಳಿರುವ ಗುಡ್ಡದ ಜಾಗ, ಬೆನ್ನಿಗೆ; ಗದ್ದೆ ಕಣ್ಣ ಮುಂದೆ. ಮಳೆ ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಒಳಗೆ ಬಾರದಷ್ಟು ಸೂರು ಮುಂದಕ್ಕೆ ಚಾಚಿರುತ್ತದೆ. ಕಂಬಗಳ ನಡುವಿನ ಆ ಅಗಲವಾದ ಐಮರದ, ಅಂದರೆ ಕೂರುವ ಮರದ ಹಲಗೆಯ, ಮೇಲೆ ಕಕ್ಕಡ ತಿಂಗಳ ಜಡಿಮಳೆಯಲ್ಲೂ ಬೆಚ್ಚಗೆ ಕೂರಬಹುದು. ಮಣ್ಣು, ಮರ, ಕಲ್ಲು ಅಲ್ಲೇ ಸುತ್ತಮುತ್ತಲಿನದು. ಗದ್ದೆ ಮತ್ತು ಬಾಣೆ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಬಾಣೆಯ ಸೊಪ್ಪು ಗದ್ದೆಗೆ ಗೊಬ್ಬರ, ಗದ್ದೆಯಲ್ಲಿ ನಿಂತ ಮಳೆನೀರು ಕೆಳಗಿನ ಬಾವಿಗೆ ಆಸರೆ. ಪರಿಸರದ ಲೆಕ್ಕದಲ್ಲಿ ಇಷ್ಟು ಒಳ್ಳೆಯ ಜೋಡಣೆ ಇವತ್ತಿನ ನಮ್ಮ ಕೈಯಲ್ಲಿ ಆಗುತ್ತಿಲ್ಲ.

ಆದರೆ ಪೂರ್ತಿ ಹೇಳಬೇಕು. ಆ ಕೈಯಾಲೆಗೆ ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಅನ್ನುವುದನ್ನೂ ಆ ಮನೆಯ ಮೆಟ್ಟಿಲುಗಳೇ ಹೇಳುತ್ತಿದ್ದವು. ಗದ್ದೆಯಲ್ಲಿ ನಾಟಿ ಮಾಡಿದ ಎರವ ಆದಿವಾಸಿಗಳ ಗುಡಿಸಲು ಆ ಚಂದದ ನೋಟದೊಳಗೆ ಎಲ್ಲಿತ್ತು ಅಂತ ಕೇಳಿಕೊಂಡರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಅದರ ಫೋಟೋ ಯಾರ ಗೋಡೆಯ ಮೇಲೂ ಇಲ್ಲ. ಹಾಗಾಗಿ ಐನ್‌ಮನೆಯ ಸೂರನ್ನು, ಅದು ಕೂತ ಜಾಗದ ಬುದ್ಧಿಯನ್ನು ತೆಗೆದುಕೊಳ್ಳೋಣ. ಮೆಟ್ಟಿಲಿನ ಲೆಕ್ಕ ಬೇಡ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ನಿಮಗೆಲ್ಲ ನೆನಪಿದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಈ ಹೆಸರುಗಳನ್ನು ಹೇಳುವಾಗ ಈಗಲೂ ನನ್ನ ದನಿ ಸ್ವಲ್ಪ ನಡುಗುತ್ತದೆ. ಮಳೆ ವಿಪರೀತ ಬಂದಿತ್ತು, ಅದು ಸತ್ಯ. ಆದರೆ ಪರಿಶೀಲನೆಗೆ ಬಂದ ಭೂವಿಜ್ಞಾನಿಗಳು ಮಳೆಯ ಜೊತೆಗೇ ನಾವು ಗುಡ್ಡ ಕಡಿದ ರೀತಿಗೂ ಬೊಟ್ಟು ಮಾಡಿದರು. ಮಡಿಕೇರಿ ಪೇಟೆಯೊಳಗೆ ಎಲ್ಲಿ ಕುಸಿಯಿತು ನೆನಪು ಮಾಡಿಕೊಳ್ಳಿ. ಇಂದಿರಾ ನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರ. ಯಾರು ಇದ್ದರು ಅಲ್ಲಿ? ನಮ್ಮ ಕಟ್ಟಡಗಳಿಗೆ ಕಲ್ಲು ಹೊತ್ತವರು, ಹೋಟೆಲುಗಳಲ್ಲಿ ಪಾತ್ರೆ ತೊಳೆದವರು, ಪೇಟೆಯ ಕಸ ತೆಗೆದವರು. ಪೇಟೆಗೆ ಅವರ ಕೆಲಸ ಬೇಕಿತ್ತು. ಆದರೆ ಸಮತಟ್ಟು ಜಾಗದಲ್ಲಿ ಅವರಿಗೆ ಮೂರು ಸೆಂಟು ಕೊಡಲು ಪೇಟೆ ತಯಾರಿರಲಿಲ್ಲ. ಅವರು ಇಳಿಜಾರಿಗೆ ಹೋದರು, ಕೈಯಲ್ಲಿ ಪಿಕಾಸಿ ಹಿಡಿದು ತಮ್ಮ ತಮ್ಮ ಬರೆ ತಾವೇ ಕಡಿದುಕೊಂಡರು.

ಹೊಳೆಯ ಕಡೆಯೂ ಇದೇ ಕಥೆ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಂಡೆಯ ಮೇಲೆ ಇದ್ದವರು ಹೆಚ್ಚಿನವರು ಕೂಲಿ ಕೆಲಸದವರು. 2019ರಲ್ಲಿ ನೀರು ಅವರ ಮನೆಗಳನ್ನು ಕೊಂಡೊಯ್ದಿತು. ಕುಶಾಲನಗರದಲ್ಲಿ ಮುಳುಗಿದ ಬಡಾವಣೆಗಳಲ್ಲಿ ಇದ್ದವರು ಬೇರೆ ಥರದವರು. ಸಾಲ ಮಾಡಿ ಸೈಟು ತೆಗೆದುಕೊಂಡ ಮೇಷ್ಟ್ರುಗಳು, ನಿವೃತ್ತ ಸೈನಿಕರು, ಅಂಗಡಿಯವರು. ಹೊಳೆ ಉಕ್ಕಿದಾಗ ನೀರಿಗೆ ಹರಡಿಕೊಳ್ಳಲು ಇದ್ದ ತಗ್ಗು ಜಾಗ ಅದು. ಗದ್ದೆಯಾಗಿದ್ದಾಗ ಎರಡು ದಿನ ನೀರು ನಿಂತರೆ ಯಾರೂ ಸುದ್ದಿ ಮಾಡುತ್ತಿರಲಿಲ್ಲ. ಮಣ್ಣು ತುಂಬಿಸಿ ಸೈಟು ಮಾಡಿ ಮಾರಿದವರು ಬೇರೆ ಕಡೆ ಹೋದರು. ಟಿವಿ, ಅಕ್ಕಿ ಮೂಟೆ ಅಟ್ಟದ ಮೇಲೆ ಏರಿಸಿಕೊಂಡು ರಾತ್ರಿ ಕಳೆದವರು ಕೊಂಡುಕೊಂಡವರು.

ಈಗ ನನ್ನ ಕೆಲಸದ ಒಳಗಿನ ಒಂದು ಸಣ್ಣ ವಿಷಯ ತೋರಿಸುತ್ತೇನೆ. ಬರೆಗೆ ತಡೆಗೋಡೆ ಕಟ್ಟುತ್ತೇವೆ. ಒಳ್ಳೆಯ ಗೋಡೆಯಲ್ಲಿ ಅಲ್ಲಲ್ಲಿ ಎರಡು ಇಂಚಿನ ಪೈಪು ತೂರಿಸಿರುತ್ತೇವೆ, ಅದರ ಹಿಂದೆ ಜಲ್ಲಿ ತುಂಬಿಸಿರುತ್ತೇವೆ. ಮಣ್ಣಿನೊಳಗೆ ಸೇರಿದ ನೀರು ಆ ಪೈಪಿನಲ್ಲಿ ಹೊರಗೆ ಬಂದುಬಿಡಬೇಕು. ಬಾರದಿದ್ದರೆ ಗೋಡೆಯ ಬೆನ್ನಿಗೆ ನೀರು ಒತ್ತುತ್ತದೆ, ಎಷ್ಟೇ ಕಬ್ಬಿಣ ಹಾಕಿದ್ದರೂ ಒಂದು ದಿನ ಗೋಡೆ ಹೊಟ್ಟೆ ಬಿಡುತ್ತದೆ. ಇದು ಯಾವ ಎಂಜಿನಿಯರಿಗೂ ಗೊತ್ತು. ಎರಡು ವರ್ಷದ ಹಿಂದೆ ನಾನು ಒಂದು ರೆಸಾರ್ಟಿನ ಗೋಡೆ ನೋಡಲು ಹೋಗಿದ್ದೆ. ತುಂಬಾ ಚೆನ್ನಾಗಿ ಕಟ್ಟಿದ್ದರು. ಪ್ರತಿ ಪೈಪಿನಿಂದಲೂ ಸಣ್ಣಗೆ ನೀರು ಬರುತ್ತಿತ್ತು. ನಾನು ಕೆಳಗೆ ಬಗ್ಗಿ ನೋಡಿದೆ. ಗೋಡೆಯ ಬುಡದಿಂದ ಹದಿನೈದು ಅಡಿ ಕೆಳಗೆ ಎರಡು ಶೀಟಿನ ಮನೆ. ಅವರ ಹಿಂಬದಿಯ ಮಣ್ಣಿನ ಮೇಲೆ ಆ ನೀರೆಲ್ಲ ಇಳಿಯುತ್ತಿತ್ತು. ಒಬ್ಬಾಕೆ ಹಾರೆಯಲ್ಲಿ ಕಾಲುವೆ ತೋಡುತ್ತಾ ಇದ್ದಳು. ದಿನಾ ತೋಡಬೇಕಂತೆ, ರಾತ್ರಿ ಮುಚ್ಚಿಹೋಗುತ್ತದಂತೆ.

ಮನೆಗೆ ಬಂದು ಆ ರೆಸಾರ್ಟಿನ ನಕ್ಷೆ ಬಿಡಿಸಿ ನೋಡಿದೆ. ಎಲ್ಲ ಕ್ರಮಬದ್ಧವಾಗಿತ್ತು. ಗಡಿಯಿಂದ ಬಿಡಬೇಕಾದ ಸೆಟ್‌ಬ್ಯಾಕ್ ಇತ್ತು, ಪಾರ್ಕಿಂಗ್ ಇತ್ತು, ಮಳೆನೀರು ಕೊಯ್ಲಿನ ತೊಟ್ಟಿಯೂ ಇತ್ತು. ಸೈಟಿನ ಗಡಿರೇಖೆ ಮುಗಿದ ಮೇಲೆ ಬಿಳಿ ಹಾಳೆ. ಆ ಎರಡು ಮನೆ ಇರುವ ಜಾಗ ಬಿಳಿ. ಆಮೇಲೆ ನಾನು ಬರೆದ ಹಳೆಯ ನಕ್ಷೆಗಳನ್ನು ತೆಗೆದೆ. ಅವುಗಳಲ್ಲೂ ಹಾಗೇ ಇತ್ತು. ಹತ್ತೊಂಬತ್ತು ವರ್ಷ ನಾನು ಹಾಗೇ ಬರೆದಿದ್ದೇನೆ. ನಕ್ಷೆ ನಮ್ಮ ಬೇಲಿಯಲ್ಲಿ ನಿಂತುಬಿಡುತ್ತದೆ, ನೀರು ಮುಂದೆ ಹೋಗುತ್ತದೆ. ಅಸಮಾನತೆ ಮತ್ತು ಪರಿಸರ ಎರಡು ಬೇರೆ ಬೇರೆ ವಿಷಯ ಅಂತ ನಾನು ನಂಬಿದ್ದೆ, ಆ ರಾತ್ರಿ ಆ ನಂಬಿಕೆ ಹೋಯಿತು. ಮೇಲಿನವರು ಕಡಿದ ಗುಡ್ಡದ ಖರ್ಚನ್ನು ಕೆಳಗಿನವಳು ಹಾರೆ ಹಿಡಿದು ಕಟ್ಟುತ್ತಿದ್ದಾಳೆ. ಒಂದೇ ಲೆಕ್ಕದ ಎರಡು ಬದಿ ಇವು.

ಪರಿಹಾರವಾಗಿ ಕಟ್ಟಿಕೊಟ್ಟ ಮನೆಗಳ ಬಗ್ಗೆಯೂ ಹೇಳಬೇಕು. 2018ರ ನಂತರ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆಗಳಾದವು. ಭದ್ರವಾದ ಮನೆ, ಒಳಗೇ ಶೌಚಾಲಯ, ಕೈಯಲ್ಲಿ ಹಕ್ಕು. ಇದು ಸಣ್ಣ ಮಾತಲ್ಲ. ಅದಕ್ಕೂ ಮೊದಲು, 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದರು. ಅವರಲ್ಲಿ ಎಷ್ಟೋ ಜನ ಲೈನ್ ಮನೆಗಳನ್ನು ಬಿಟ್ಟು ಬಂದವರು, ಸ್ವಂತದ್ದು ಅಂತ ಒಂದು ಗುಡಿಸಲು ಬೇಕು ಅಂತ ಬಂದವರು. ದೊಡ್ಡ ಹೋರಾಟವಾದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಜಾಗ ಸಿಕ್ಕಿತು. ಕಾಡಿನ ಅಂಚಿನಲ್ಲಿ ಮರ ನೋಡಿ ಮನೆ ಕಟ್ಟುತ್ತಿದ್ದವರು ಈಗ ನೇರ ರಸ್ತೆ, ನಂಬರು ಹಾಕಿದ ಮನೆಗಳ ಸಾಲಿನಲ್ಲಿ ಇದ್ದಾರೆ.

ಇಂಥ ಕಡೆ ಹೋದಾಗ ಒಂದು ಸಂಗತಿ ಗಮನಿಸಿ. ಸಪಾಟಾದ ಕಾಂಕ್ರೀಟ್ ತಾರಸಿಯ ಮನೆ ಕೊಟ್ಟಲ್ಲೆಲ್ಲ ಜನ ಅದರ ಮೇಲೆ ಶೀಟು ಹಾಕಿಕೊಳ್ಳುತ್ತಾರೆ. ಮುಂದೆ ನಾಲ್ಕು ಕಂಬ ನೆಟ್ಟು ಸೂರು ಚಾಚುತ್ತಾರೆ. ಸೌದೆಗೆ ಒಂದು ಬದಿ, ಕೋಳಿಗೆ ಒಂದು ಬದಿ. ಅಂದರೆ ಮನೆ ಕೊಟ್ಟ ಮೇಲೆ ಅವರು ಮತ್ತೊಮ್ಮೆ ಮನೆ ಕಟ್ಟುತ್ತಿದ್ದಾರೆ, ತಮ್ಮ ದುಡ್ಡಿನಲ್ಲಿ. ನಮ್ಮ ಮಳೆಗೆ ಇಳಿಜಾರು ಮಾಡು ಬೇಕು ಅಂತ ಎಲ್ಲರಿಗೂ ಗೊತ್ತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲೂ ಕೆಳಗೂ ಆ ಹಂಚೇ ನಮ್ಮನ್ನು ಕಾಪಾಡಿದ್ದು. ಆದರೂ ಬಯಲುಸೀಮೆಗೆ ಬರೆದ ನಕ್ಷೆ ಇಲ್ಲಿಗೂ ಬರುತ್ತದೆ, ಯಾಕೆಂದರೆ ಒಂದೇ ನಕ್ಷೆ ಇದ್ದರೆ ಟೆಂಡರ್ ಸುಲಭ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡ 7-8ರಷ್ಟು ಸಿಮೆಂಟಿನದ್ದು. ಅಷ್ಟು ದುಬಾರಿ ವಸ್ತು ಸುರಿದು, ಮಳೆ ತಡೆಯದ ತಾರಸಿ ಮಾಡಿ, ಅದರ ಮೇಲೆ ಬಡವರ ಕೈಯಲ್ಲಿ ಶೀಟು ಹಾಕಿಸುವುದನ್ನು ನಾನು ಒಪ್ಪಲಾರೆ.

ಬೇರೆ ದಾರಿ ಇದೆಯಾ? ಇದೆ, ನಮ್ಮ ದೇಶದಲ್ಲೇ ಇದೆ. ಇಂದೋರಿನ ‘ಅರಣ್ಯ’ ಎಂಬ ಹೆಸರಿನ ಬಡಾವಣೆ. 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿ ರೂಪಿಸಿದ್ದು, ಸುಮಾರು 6,500 ನಿವೇಶನ, 60,000 ಜನರಿಗೆ. ಅಲ್ಲಿ ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ತಳಪಾಯ, ಶೌಚಾಲಯ, ನೀರು, ಒಂದು ಕೋಣೆಯವರೆಗೆ ಮಾಡಿ, ಮುಂದಿನದನ್ನು ಕೈಯಲ್ಲಿ ದುಡ್ಡು ಬಂದ ಹಾಗೆ ನೀವೇ ಬೆಳೆಸಿಕೊಳ್ಳಿ ಅಂದರು. ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ಬಡವರ ನಿವೇಶನಗಳನ್ನು ಬಡಾವಣೆಯ ಹಿಂದಿನ ಮೂಲೆಗೆ ತಳ್ಳಲಿಲ್ಲ, ಪ್ರತಿ ವಿಭಾಗದ ನಡುವಿನಲ್ಲೇ ಇಟ್ಟರು. ಅನುಕೂಲಸ್ಥರ ದೊಡ್ಡ ನಿವೇಶನಗಳನ್ನು ಅಂಚಿಗೆ ಹಾಕಿದರು, ಅವನ್ನು ಮಾರಿ ಬಂದ ದುಡ್ಡು ಬಡವರ ಪಾಲಿನ ಖರ್ಚಿಗೆ ಆಸರೆಯಾಯಿತು. 1995ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಚಿಲಿ ದೇಶದ ಇಕಿಕೆ ಎಂಬ ಊರಿನಲ್ಲಿ 2004ರಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಅವರ ತಂಡ ಇದೇ ದಾರಿಯಲ್ಲಿ ಅರ್ಧ ಮನೆ ಕಟ್ಟಿಕೊಟ್ಟಿತು. ಕಷ್ಟದ ಅರ್ಧ ಅವರದ್ದು, ಸುಲಭದ ಅರ್ಧ ಮನೆಯವರದ್ದು. ಮುಖ್ಯವಾಗಿ, ಮೂವತ್ತು ವರ್ಷದಿಂದ ಇದ್ದ ಪೇಟೆ ನಡುವಿನ ಜಾಗದಿಂದ ಅವರನ್ನು ಎಬ್ಬಿಸಲಿಲ್ಲ. ಕೊಲಂಬಿಯಾದ ಮೆಡೆಯೀನ್ ಕೂಡ ನಮ್ಮ ಹಾಗೆ ಗುಡ್ಡದ ಊರು, ಆದರೆ ಅಲ್ಲಿ ಬಡವರು ಗುಡ್ಡದ ಮೇಲೆ ಇದ್ದಾರೆ. ಅವರಿಗಾಗಿ 2004ರಲ್ಲಿ ಕೇಬಲ್ ಕಾರ್ ಹಾಕಿ ಕೆಳಗಿನ ಮೆಟ್ರೋಗೆ ಜೋಡಿಸಿದರು. ಪ್ರವಾಸಿಗರಿಗೆ ಅಂತಲ್ಲ, ದಿನಾ ಕೆಲಸಕ್ಕೆ ಹೋಗುವವರಿಗೆ. ನಮ್ಮಲ್ಲಿ ಕೇಬಲ್ ಕಾರ್ ಬೇಡ. ಸಂಜೆ ಏಳಕ್ಕೆ ಹೋಟೆಲಿನಲ್ಲಿ ಕೆಲಸ ಮುಗಿಸಿದ ಹೆಂಗಸಿಗೆ ಮನೆಗೆ ಹೋಗಲು ಒಂದು ಬಸ್ಸು, ಇಳಿಜಾರಿನಲ್ಲಿ ಕೈಹಿಡಿ ಇರುವ ಒಂದು ಮೆಟ್ಟಿಲ ದಾರಿ, ಸಂತೆಯಲ್ಲಿ ನೀರು ಬರುವ ಒಂದು ಶೌಚಾಲಯ, ಇಷ್ಟರಿಂದ ಶುರು ಮಾಡಬಹುದು.

ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದೇ. ಇಳಿಜಾರಿನಲ್ಲಿ ಕಟ್ಟುವ ಯಾವ ಕಟ್ಟಡದ ನಕ್ಷೆಯೂ ಬೇಲಿಯಲ್ಲಿ ನಿಲ್ಲಬಾರದು. ನಮ್ಮ ನೀರು ಯಾವ ಚರಂಡಿಯಲ್ಲಿ ಹೋಗಿ ಯಾವ ಕೊಲ್ಲಿಗೆ ಸೇರುತ್ತದೆ, ನಡುವೆ ಯಾರ ಮನೆ ಇದೆ, ಅದನ್ನು ಹಾಳೆಯ ಮೇಲೆ ತೋರಿಸಬೇಕು. ಅಲ್ಲಿಯವರೆಗಿನ ಚರಂಡಿ ಕಟ್ಟುವ ಖರ್ಚು ಮೇಲೆ ಕಟ್ಟುವವರದ್ದೇ ಆಗಬೇಕು. ಇದಕ್ಕೆ ಹೊಸ ತಂತ್ರಜ್ಞಾನ ಬೇಕಾಗಿಲ್ಲ. ಕಳೆದ ಎರಡು ವರ್ಷದಿಂದ ನಾನು ನನ್ನ ನಕ್ಷೆಗಳಲ್ಲಿ ಹಾಗೇ ಬರೆಯುತ್ತಿದ್ದೇನೆ. ಇಬ್ಬರು ಗಿರಾಕಿಗಳು ಬೇಸರ ಮಾಡಿಕೊಂಡು ಬೇರೆಯವರ ಹತ್ತಿರ ಹೋದರು. ಉಳಿದವರು ಮೊದಲು ಗೊಣಗಿದರೂ ಕೆಳಗಿನ ಮನೆಯನ್ನು ಹಾಳೆಯ ಮೇಲೆ ನೋಡಿದ ಮೇಲೆ ಒಪ್ಪಿಕೊಂಡರು. ನೋಡದೇ ಇದ್ದದ್ದೇ ತೊಂದರೆಯಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದವರು ಕೆಲವರು. ಹೋಂಸ್ಟೇ ನಡೆಸುವವರೊಬ್ಬರು ಖರ್ಚಿನ ಬಗ್ಗೆ ಕೇಳಿದರು, ಅದಕ್ಕೆ ಮೇಲೆಯೇ ಉತ್ತರ ಸೇರಿಸಿದ್ದೇನೆ. ಕಾಲೇಜಿನ ಹುಡುಗನೊಬ್ಬ ಮಣ್ಣಿನ ಇಟ್ಟಿಗೆ ನಮ್ಮ ಮಳೆಗೆ ತಡೆಯುತ್ತದಾ ಅಂದ. ಸೂರು ಮುಂದಕ್ಕೆ ಚಾಚಿದ್ದರೆ, ತಳಪಾಯ ನೆಲದಿಂದ ಎರಡು ಅಡಿ ಎತ್ತರ ಇದ್ದರೆ ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಿಂದಲೇ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಆಗಿದೆ.

ಕಡೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದರು. ತೋಟದಲ್ಲಿ ಕೆಲಸ, ಲೈನ್ ಮನೆಯಲ್ಲಿ ಹನ್ನೆರಡು ವರ್ಷ. ನಿಮ್ಮ ಮನೆಯಲ್ಲಿ ಏನಾದರೂ ಒಂದು ಬದಲಾಯಿಸಬಹುದು ಅಂದರೆ ಏನು ಕೇಳುತ್ತೀರಿ ಅಂತ ನಾನೇ ಕೇಳಿದೆ. ನೀರು ಅನ್ನುತ್ತಾರೆ, ಶೌಚಾಲಯ ಅನ್ನುತ್ತಾರೆ ಅಂದುಕೊಂಡಿದ್ದೆ. ‘ಹಿಂದೆ ಒಂದು ಬಾಗಿಲು’ ಅಂದರು. ಆನೆ ಮುಂದೆ ಬಂದು ನಿಂತರೆ, ಗಂಡ ಕುಡಿದು ಬಾಗಿಲಲ್ಲಿ ಕೂತರೆ, ಒಲೆಯಿಂದ ಬೆಂಕಿ ಹತ್ತಿದರೆ ಹೋಗಲು ದಾರಿ ಇಲ್ಲವಂತೆ. ನಾನು ಎಷ್ಟೋ ಲೈನ್ ಮನೆ ಅಳತೆ ಮಾಡಿದ್ದೇನೆ, ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಮಾಲೀಕರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಬರುವ ಭಾನುವಾರ ಟೇಪ್ ಹಿಡಿದುಕೊಂಡು ಹೋಗುತ್ತಿದ್ದೇನೆ. ಹಿಂದಿನ ಗೋಡೆಗೂ ಬರೆಗೂ ನಡುವೆ ಬಾಗಿಲು ತೆಗೆಯುವಷ್ಟು ಜಾಗ ಇದೆಯಾ ಅಂತ ಮೊದಲು ನೋಡಬೇಕು.